ಇಂಪ್ಲಾಂಟ್ ಹಲ್ಲಿಗೆ ಸಿದ್ಧ ಅಬಟ್‌ಮೆಂಟೋ, ಮಾಡಿಸಿದ್ದೋ? ಕಾರವಾರ, ಶಿರಸಿ ಕಡೆಯವರಿಗೊಂದು ಹೋಲಿಕೆ

ಇಂಪ್ಲಾಂಟ್ ಎಲುಬಿನಲ್ಲಿ ಕೂತು ಮೂರ್ನಾಲ್ಕು ತಿಂಗಳಾದ ಮೇಲೆ ಕ್ಯಾಪಿನ ಮಾತು ಬರುತ್ತದೆ. ಆಗ ಎಸ್ಟಿಮೇಟಿನಲ್ಲಿ ಎರಡು ದಾರಿ ಕಾಣುತ್ತವೆ: ‘ಸ್ಟಾಕ್ ಅಬಟ್‌ಮೆಂಟ್’ ಎಂದೊಂದು, ‘ಕಸ್ಟಮ್ ಅಬಟ್‌ಮೆಂಟ್’ ಎಂದೊಂದು. ಎರಡನೆಯದಕ್ಕೆ ಹಣವೂ ಜಾಸ್ತಿ, ದಿನವೂ ಜಾಸ್ತಿ. ದುಬಾರಿಯದು ಒಳ್ಳೆಯದೇ ಇರಬೇಕು ಎಂದು ಕೆಲವರು ಒಪ್ಪಿಬಿಡುತ್ತಾರೆ. ಹೊರಗೆ ಕಾಣದ ತುಂಡಿಗೆ ಇಷ್ಟು ಯಾಕೆ ಎಂದು ಕೆಲವರು ಬೇಡ ಅನ್ನುತ್ತಾರೆ. ಎರಡೂ ಲೆಕ್ಕ ತಪ್ಪು.

ಇಂಪ್ಲಾಂಟ್ ಹಲ್ಲೆಂದರೆ ಮೂರು ತುಂಡು. ಎಲುಬಿನೊಳಗಿನ ಟೈಟಾನಿಯಂ ತಿರುಪು ಇಂಪ್ಲಾಂಟ್. ಬಾಯಲ್ಲಿ ಕಾಣುವುದು ಕ್ಯಾಪ್. ಇವೆರಡರ ನಡುವೆ ಒಸಡನ್ನು ದಾಟಿ ಬರುವ ಗೂಟದಂಥ ತುಂಡೇ ಅಬಟ್‌ಮೆಂಟ್. ಸಣ್ಣದೊಂದು ಸ್ಕ್ರೂ ಅದನ್ನು ಇಂಪ್ಲಾಂಟಿಗೆ ಬಿಗಿದು ಹಿಡಿಯುತ್ತದೆ. ಈ ನಡುವಿನ ತುಂಡಿಗೆ ಎರಡು ಕೆಲಸ. ಕೆಳಗೆ ಅದು ಇಂಪ್ಲಾಂಟಿನ ಬಾಯೊಳಗೆ ಮೈಕ್ರಾನ್ ಲೆಕ್ಕದಲ್ಲಿ ಕೂರಬೇಕು. ಮೇಲೆ ಒಸಡಿಗೆ ಆಕಾರ ಕೊಟ್ಟು ಕ್ಯಾಪಿಗೆ ಆಧಾರವಾಗಬೇಕು. ತೋಟದ ಕತ್ತಿಯ ಹಾಗೆ: ಹಿಡಿಯನ್ನು ಕೈಗೆ ತಕ್ಕಂತೆ ಕೆತ್ತಿಸಬಹುದು, ಅಲಗಿನ ಬಾಲ ಕೂರುವ ತೂತು ಮಾತ್ರ ಆ ಅಲಗಿನ ಅಳತೆಯದೇ ಆಗಬೇಕು. ಒಸಡಿಗೆ ತಾಗುವ ಭಾಗವನ್ನು ಬೇಕಿದ್ದಲ್ಲಿ ಬಾಯಿಗೆ ತಕ್ಕಂತೆ ಮಾಡಿಸಿ. ಇಂಪ್ಲಾಂಟಿಗೆ ಕೂರುವ ಭಾಗವನ್ನು ಕಾರ್ಖಾನೆಗೇ ಬಿಡಿ. ಮುಂದಿನದೆಲ್ಲ ಈ ಮಾತಿನ ವಿವರ.

ಪೆಟ್ಟಿಗೆಯಲ್ಲಿ ಬರುವ ಸಿದ್ಧ ತುಂಡು

ಸ್ಟಾಕ್ ಅಬಟ್‌ಮೆಂಟ್ ಕಂಪನಿಯಿಂದ ಅಳತೆವಾರು ಬರುತ್ತದೆ. ಅಗಲ ಸಾಮಾನ್ಯವಾಗಿ 4.5 ಮಿ.ಮೀ. ಆಸುಪಾಸಿನಿಂದ 6 ಮಿ.ಮೀ. ವರೆಗೆ. ಒಸಡಿನೊಳಗಿನ ಕಾಲರ್ 1, 2, 3, 4, 5 ಮಿ.ಮೀ. ಮೇಲಿನ ಗೂಟ 4, 5.5, 7 ಮಿ.ಮೀ. ನೆಟ್ಟಗಿನದು ಇದೆ, 15 ಅಥವಾ 25 ಡಿಗ್ರಿ ಬಾಗಿದ್ದೂ ಇದೆ. ಅಂಕಿಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತವೆ. ಹೆಚ್ಚಿನವುಗಳಲ್ಲಿ ಬದಲಾಗದ್ದು ಎರಡು: ಅಡ್ಡ ಸೀಳಿದರೆ ಅವು ದುಂಡಗೆ, ಮತ್ತು ಕ್ಯಾಪ್ ಕೂರುವ ಅಂಚು ಸುತ್ತಲೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಇರುತ್ತದೆ.

ಹಲ್ಲು ದುಂಡಗಿಲ್ಲ. ಕೆಳಗಿನ ಮೊದಲ ದವಡೆ ಹಲ್ಲು ಒಸಡಿನ ಮಟ್ಟದಲ್ಲಿ ಸುಮಾರು 9 ಮಿ.ಮೀ. ಅಗಲದ ಚೌಕದಂಥದ್ದು, ಅದರ ಕೆಳಗಿರುವ ಇಂಪ್ಲಾಂಟ್ 4ರಿಂದ 5 ಮಿ.ಮೀ. ದುಂಡು. ಮೇಲಿನ ಬಾಚಿ ಹಲ್ಲಿನ ಬುಡ ತ್ರಿಕೋನಕ್ಕೆ ಹತ್ತಿರ. ಒಸಡಿನ ಅಂಚೂ ಸಮತಟ್ಟಲ್ಲ. ಮೇಲಿನ ಮುಂದಿನ ಹಲ್ಲುಗಳಲ್ಲಿ, ಎರಡು ಹಲ್ಲುಗಳ ನಡುವಿನ ಒಸಡಿನ ಮೂಲೆ ಹಲ್ಲಿನ ಮುಂಭಾಗದ ಒಸಡಿನ ಅಂಚಿಗಿಂತ 4 ಮಿ.ಮೀ. ಯಷ್ಟು ಕೆಳಗೆ ಚಾಚಿರುತ್ತದೆ. ಇಲ್ಲಿ ಸಮತಟ್ಟಾದ ಅಂಚಿನ ಸಿದ್ಧ ತುಂಡನ್ನು ಹಾಕಿ, ತುಟಿಯ ಕಡೆ ಅಂಚು 1 ಮಿ.ಮೀ. ಒಳಗಿರಲಿ ಎಂದು ಕೂರಿಸಿದರೆ, ಅದೇ ಅಂಚು ಎರಡೂ ಪಕ್ಕದಲ್ಲಿ ಸುಮಾರು 5 ಮಿ.ಮೀ. ಒಳಗೆ ಹೂತಿರುತ್ತದೆ. ಕ್ಯಾಪ್ ಅಂಟಿಸಿದ ಸಿಮೆಂಟ್ ಅಷ್ಟು ಆಳದಲ್ಲಿ ಎಷ್ಟು ಉಳಿಯಿತು ಎಂದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಂತ ಸಿದ್ಧ ತುಂಡನ್ನು ತಳ್ಳಿಹಾಕಬೇಕಿಲ್ಲ. ಹಿಂದಿನ ಹಲ್ಲು, ನೆಟ್ಟಗೆ ಕೂತ ಇಂಪ್ಲಾಂಟ್, 2–3 ಮಿ.ಮೀ. ದಪ್ಪದ ಸಮ ಒಸಡು, ಮೇಲೆ ಸಾಕಷ್ಟು ಜಾಗ: ಇಷ್ಟಿದ್ದರೆ ಸರಿಯಾದ ಅಳತೆಯ ಸ್ಟಾಕ್ ಅಬಟ್‌ಮೆಂಟ್ ಮಾಡಿಸಿದ್ದಕ್ಕೆ ಏನೂ ಕಮ್ಮಿಯಿಲ್ಲ. ತಳದ ಜೋಡಣೆ ಕಾರ್ಖಾನೆಯದು, ನಂಬಿಕಸ್ತ. ಪಾಲಿಶ್ ಮಾಡಿದ ಕಾಲರ್ ಇರುವ, ಒಸಡಿನ ಮಟ್ಟಕ್ಕೇ ಬರುವ ‘ಟಿಶ್ಯೂ ಲೆವೆಲ್’ ಇಂಪ್ಲಾಂಟ್ ಹಾಕಿದ್ದರಂತೂ ಅಂಚು ತಾನಾಗಿಯೇ ಮೇಲಿರುತ್ತದೆ. ಅಲ್ಲಿ ಹೆಚ್ಚಿನ ಖರ್ಚಿಗೆ ಕಾರಣ ಹುಡುಕುವುದು ಕಷ್ಟ.

ಅಳತೆ ಆರಿಸುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ಹೀಲಿಂಗ್ ಕ್ಯಾಪ್ (ಇಂಪ್ಲಾಂಟಿನ ಬಾಯಿಗೆ ಅಲ್ಲಿಯವರೆಗೆ ಹಾಕಿಟ್ಟ ಮುಚ್ಚಳ) ಬಿಚ್ಚಿದ ಕೂಡಲೇ ಪ್ರೋಬ್ ಎಂಬ ಅಳತೆ ಕಡ್ಡಿ ಇಟ್ಟು ಇಂಪ್ಲಾಂಟಿನ ಬಾಯಿಂದ ಒಸಡಿನ ಅಂಚಿನವರೆಗೆ ನಾಲ್ಕು ದಿಕ್ಕಿನಲ್ಲಿ ಅಳೆಯಬೇಕು. ‘ಕೂಡಲೇ’ ಎಂದದ್ದು ಸುಮ್ಮನೆ ಅಲ್ಲ. ಕೆಲವೇ ನಿಮಿಷದಲ್ಲಿ ಒಸಡು ಒಳಕ್ಕೆ ಕುಸಿದು ಅಳತೆ ಸುಳ್ಳಾಗುತ್ತದೆ. ಕೆನ್ನೆಯ ಕಡೆ 3 ಮಿ.ಮೀ. ಬಂದರೆ 2ರ ಕಾಲರ್ ಸರಿ, ಆಗ ಅಂಚು 1 ಮಿ.ಮೀ. ಒಳಗಿರುತ್ತದೆ. ಕ್ಲಿನಿಕ್ಕಿನ ಡಬ್ಬಿಯಲ್ಲಿ 1ರದೊಂದೇ ಇದೆ ಎಂದು ಅದನ್ನೇ ಹಾಕಿದರೆ ಅಂಚು 2 ಮಿ.ಮೀ. ಆಳಕ್ಕೆ ಹೋಗುತ್ತದೆ. ಸಿದ್ಧ ತುಂಡಿನ ಬಗೆಗಿನ ಹೆಚ್ಚಿನ ದೂರುಗಳ ಮೂಲ ಇದು: ತುಂಡಿನ ತಪ್ಪಲ್ಲ, ದಾಸ್ತಾನಿನ ತಪ್ಪು.

ಗೂಟ ಎತ್ತರವಾದರೆ ಕೊರೆದು ತಗ್ಗಿಸುತ್ತಾರೆ. ಇದನ್ನು ಬಾಯಿಂದ ಹೊರಗೆ, ಲ್ಯಾಬಿನ ಅನಲಾಗಿಗೆ (ಇಂಪ್ಲಾಂಟಿನ ನಕಲಿಗೆ) ಬಿಗಿದುಕೊಂಡು ಮಾಡಬೇಕು. ಬಾಯೊಳಗೇ ಟೈಟಾನಿಯಂ ಕೊರೆದರೆ ಬಿಸಿ ನೇರ ಎಲುಬಿಗೆ ಇಳಿಯುತ್ತದೆ. ಎಲುಬು 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಸಾಕು, ಕೆಡಲು ಶುರು. ಕೊರೆದ ಮೇಲೂ 4 ಮಿ.ಮೀ. ಗೂಟ ಉಳಿಯದಿದ್ದರೆ ಸಿಮೆಂಟಿಗೆ ಹಿಡಿತ ಸಾಲದು. ಹಲ್ಲು ಕಿತ್ತು ಹತ್ತು ವರ್ಷ ಹಾಗೇ ಬಿಟ್ಟವರಲ್ಲಿ ಎದುರಿನ ಹಲ್ಲು ಜಾಗದೊಳಕ್ಕೆ ಇಳಿದಿರುತ್ತದೆ. ಅವರಿಗೆ ಈ ಲೆಕ್ಕ ಕೂಡುವುದೇ ಇಲ್ಲ. ಸಿಮೆಂಟ್ ಬಿಟ್ಟು ಸ್ಕ್ರೂನಿಂದಲೇ ಕ್ಯಾಪ್ ಹಿಡಿಸುವ ದಾರಿ ನೋಡಬೇಕು.

ನಿಜವಾದ ತಕರಾರು ಸಿಮೆಂಟಿನದು

ಸ್ಟಾಕ್ ಅಬಟ್‌ಮೆಂಟ್ ಎಂದರೆ ಬಹುಪಾಲು ಸಿಮೆಂಟಿನಿಂದ ಅಂಟಿಸುವ ಕ್ಯಾಪ್. ಕ್ಯಾಪ್ ಒತ್ತಿದಾಗ ಹೆಚ್ಚಿನ ಸಿಮೆಂಟ್ ಅಂಚಿನಿಂದ ಹೊರಗೆ ಉಕ್ಕುತ್ತದೆ. ಸ್ವಂತ ಹಲ್ಲಿನ ಸುತ್ತ ಒಸಡಿನ ನಾರುಗಳು ಬೇರಿಗೆ ಅಡ್ಡಡ್ಡ ನಾಟಿಕೊಂಡು ಸಿಮೆಂಟನ್ನು ತಡೆಯುತ್ತವೆ. ಇಂಪ್ಲಾಂಟಿನ ಸುತ್ತ ನಾರು ಹಾಗೆ ನಾಟಿಕೊಳ್ಳುವುದಿಲ್ಲ, ಉಂಗುರದಂತೆ ಸುತ್ತಿಕೊಂಡಿರುತ್ತದೆ ಅಷ್ಟೇ. ಹಾಗಾಗಿ ಸಿಮೆಂಟ್ ಸಲೀಸಾಗಿ ಒಳಕ್ಕೆ ಜಾರಿ ಎಲುಬಿನ ಹತ್ತಿರ ಗಟ್ಟಿಯಾಗುತ್ತದೆ. ಆಮೇಲೆ ಅಲ್ಲಿ ಕೀವು, ರಕ್ತ, ನಿಧಾನಕ್ಕೆ ಎಲುಬಿನ ಸವೆತ.

2009ರಲ್ಲಿ ಅಮೆರಿಕದ ವಿಲ್ಸನ್ ಎಂಬ ಒಸಡು ತಜ್ಞರು, ಕ್ಯಾಪ್ ಅಂಟಿಸಿದ ಇಂಪ್ಲಾಂಟಿನ ಸುತ್ತ ಉರಿಯೂತ ಇದ್ದವರನ್ನು ಸಣ್ಣ ಎಂಡೋಸ್ಕೋಪಿನಿಂದ ಪರೀಕ್ಷಿಸಿ ವರದಿ ಮಾಡಿದರು. ಕಾಯಿಲೆಯಿದ್ದ ಇಂಪ್ಲಾಂಟುಗಳಲ್ಲಿ 81 ಶೇಕಡಾ ಕಡೆ ಉಳಿದ ಸಿಮೆಂಟ್ ಸಿಕ್ಕಿತು. ತೆಗೆದ ಮೇಲೆ ಹೆಚ್ಚಿನವು ವಾಸಿಯಾದವು. ತೊಂದರೆ ಕಾಣಿಸಿಕೊಂಡದ್ದು ಕೆಲವರಲ್ಲಿ ನಾಲ್ಕು ತಿಂಗಳಿಗೆ, ಕೆಲವರಲ್ಲಿ ಒಂಬತ್ತು ವರ್ಷ ಕಳೆದ ಮೇಲೆ. ‘ಹಾಕಿಸಿ ಐದು ವರ್ಷ ಆಯ್ತು, ಏನೂ ಆಗಿಲ್ಲ’ ಎಂಬ ಧೈರ್ಯಕ್ಕೆ ಅರ್ಥವಿಲ್ಲ ಎಂದಾಯಿತು.

ಕಸ್ಟಮ್ ಅಬಟ್‌ಮೆಂಟಿನ ನಿಜವಾದ ಲಾಭ ಇಲ್ಲಿದೆ. ಒಸಡು ಏರಿಳಿದಂತೆ ಅದರ ಅಂಚನ್ನೂ ಏರಿಳಿಸಬಹುದು. ಕಾಣುವ ಕಡೆ ಅರ್ಧದಿಂದ 1 ಮಿ.ಮೀ. ಒಳಗೆ, ನಾಲಿಗೆಯ ಕಡೆ ಒಸಡಿನ ಸಮಕ್ಕೆ. ಆಗ ಸಿಮೆಂಟ್ ಉಕ್ಕಿದರೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಆದರೆ ಲ್ಯಾಬಿನವರು ಅಂಚನ್ನು ಸುತ್ತಲೂ 2 ಮಿ.ಮೀ. ಆಳಕ್ಕೆ ಇಟ್ಟು ಮಾಡಿಕೊಟ್ಟರೆ ಅದೂ ಹೆಸರಿಗೆ ಕಸ್ಟಮ್ಮೇ. ಕೊಟ್ಟ ದುಡ್ಡು ನೀರುಪಾಲು. ಆದ್ದರಿಂದ ಲ್ಯಾಬ್ ಚೀಟಿಯಲ್ಲಿ ‘ಕಸ್ಟಮ್ ಅಬಟ್‌ಮೆಂಟ್’ ಎಂದಷ್ಟೇ ಬರೆದು ಕಳಿಸುವುದು ಸಾಲದು, ಪ್ರತಿ ದಿಕ್ಕಿನ ಅಂಚಿನ ಆಳವನ್ನೂ ಬರೆಯಬೇಕು.

ಸಿಮೆಂಟೇ ಆಗಬೇಕಾದರೆ ಕಡಿಮೆ ಹಾಕುವ ಒಂದು ಉಪಾಯವಿದೆ. ಕ್ಯಾಪಿನೊಳಗೆ ತೆಳು ಟೆಫ್ಲಾನ್ ಟೇಪು ಹಾಸಿ, ಅಳತೆಗೆ ಬಳಸುವ ಸಿಲಿಕೋನ್ ತುಂಬಿ ಗೂಟದ ನಕಲೊಂದನ್ನು ತೆಗೆದಿಟ್ಟುಕೊಳ್ಳುವುದು. ಕ್ಯಾಪಿಗೆ ಸಿಮೆಂಟ್ ಸವರಿ ಮೊದಲು ಈ ನಕಲಿನ ಮೇಲೆ ಒತ್ತಿದರೆ ಹೆಚ್ಚಿನದೆಲ್ಲ ಬಾಯಿಯ ಹೊರಗೇ ಉಕ್ಕಿಹೋಗುತ್ತದೆ. ಒಳಗೆ ಉಳಿದ ತೆಳು ಪದರದೊಂದಿಗೆ ಕೂಡಲೇ ಬಾಯಲ್ಲಿ ಕೂರಿಸುವುದು. ಎರಡು ನಿಮಿಷದ ಕೆಲಸ. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಸಿಮೆಂಟನ್ನು ಆರಿಸುವುದೂ ಅಷ್ಟೇ ಮುಖ್ಯ: ಸತು ಇರುವವು ಚೆನ್ನಾಗಿ ಕಾಣುತ್ತವೆ, ರೆಸಿನ್ ಜಾತಿಯ ಕೆಲವು ಕಾಣುವುದೇ ಇಲ್ಲ. ಕಂಡರೂ ಹಲ್ಲಿನ ಎರಡು ಪಕ್ಕದ್ದು ಮಾತ್ರ ಕಾಣುತ್ತದೆ. ಕೆನ್ನೆಯ ಕಡೆಯದು ಇಂಪ್ಲಾಂಟಿನ ನೆರಳಲ್ಲಿ ಅಡಗುತ್ತದೆ.

‘ಕಸ್ಟಮ್’ ಎಂಬ ಒಂದು ಹೆಸರು, ಮೂರು ಬೇರೆ ಮಾಲು

ಬಿಲ್ಲಿನಲ್ಲಿ ‘ಕಸ್ಟಮ್’ ಎಂದು ಕಂಡರೆ ಯಾವುದು ಎಂದು ಕೇಳಲೇಬೇಕು.

ಹಳೆಯದು ಎರಕದ್ದು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಬಂದ ವಿಧಾನ ಇದು, ಹೆಸರೂ ಅದೇ. ಪ್ಲಾಸ್ಟಿಕ್ ಕೊಳವೆಯ ಮೇಲೆ ಮೇಣದಿಂದ ಆಕಾರ ಮಾಡಿ, ಲೋಹ ಎರಕ ಹೊಯ್ಯುತ್ತಾರೆ. ಅಗ್ಗ, ಊರ ಹತ್ತಿರದ ಲ್ಯಾಬಿನಲ್ಲೂ ಆಗುತ್ತದೆ. ತೊಂದರೆ ತಳದಲ್ಲಿ. ಇಂಪ್ಲಾಂಟಿಗೆ ಕೂರುವ ಮುಖವೂ ಎರಕದಲ್ಲೇ ಮೂಡುವುದರಿಂದ ಅಲ್ಲಿ ಗುಳ್ಳೆ, ಒರಟು, ಕುಗ್ಗುವಿಕೆ; ಲ್ಯಾಬಿನವರು ಅದನ್ನು ಉಜ್ಜಿ ‘ಕೂರಿಸುತ್ತಾರೆ’. ಉಜ್ಜಿದಷ್ಟೂ ಸಡಿಲ. ಎರಕವೇ ಬೇಕಾದರೆ, ತಳ ಕಾರ್ಖಾನೆಯಲ್ಲಿ ಕಡೆದ ಕೋಬಾಲ್ಟ್ ಕ್ರೋಮಿಯಂ ಆಗಿದ್ದು ಮೇಲಿನದಷ್ಟೇ ಪ್ಲಾಸ್ಟಿಕ್ ಇರುವ ಕೊಳವೆಯನ್ನು ಬಳಸಬೇಕು. ಪೂರ್ತಿ ಪ್ಲಾಸ್ಟಿಕ್ಕಿನದು ಒಂಟಿ ಹಲ್ಲಿಗೆ ಬೇಡ.

ಎರಡನೆಯದು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ಟೈಟಾನಿಯಂ ಗಟ್ಟಿಯಿಂದ ಕಡೆದದ್ದು. ‘ಪ್ರೀಮಿಲ್ಡ್ ಬ್ಲಾಂಕ್’ ಎಂಬ ಜಾತಿಯಲ್ಲಿ ತಳದ ಜೋಡಣೆ ಕಾರ್ಖಾನೆಯಲ್ಲೇ ಆಗಿರುತ್ತದೆ, ಲ್ಯಾಬಿನ ಯಂತ್ರ ಮೇಲ್ಭಾಗವನ್ನಷ್ಟೇ ಕಡೆಯುತ್ತದೆ. ಇಂಪ್ಲಾಂಟ್ ಓರೆಯಾಗಿ ಕೂತ ಹಿಂದಿನ ಹಲ್ಲಿಗೆ, ಒಸಡು ದಪ್ಪ ಇದ್ದು ಅಂಚನ್ನು ಮೇಲೆ ತರಬೇಕಾದಲ್ಲಿ ಇದಕ್ಕಿಂತ ಗಟ್ಟಿ ಆಯ್ಕೆ ಇಲ್ಲ.

ಮೂರನೆಯದು ಈಗ ಎಲ್ಲಕ್ಕಿಂತ ಹೆಚ್ಚು ಓಡುತ್ತಿರುವುದು: ಟೈ-ಬೇಸ್. ಕಾರ್ಖಾನೆಯ ಗಿಡ್ಡ ಟೈಟಾನಿಯಂ ತಳ, ಅದರ ಮೇಲೆ ಲ್ಯಾಬಿನಲ್ಲಿ ಕಡೆದ ಜಿರ್ಕೋನಿಯಾ ಎಂಬ ಬಿಳಿ ಸೆರಾಮಿಕ್. ಕೆಳಗಿನದು ಸಿದ್ಧ ತುಂಡು, ಮೇಲಿನದು ಮಾಡಿಸಿದ್ದು. ಎರಡನ್ನೂ ಬಾಯಿಯ ಹೊರಗೆ ಅಂಟಿಸುತ್ತಾರೆ, ಹೆಚ್ಚಿದ ಸಿಮೆಂಟನ್ನು ಮೇಜಿನ ಮೇಲೇ ಒರೆಸಿ ಪಾಲಿಶ್ ಮಾಡುತ್ತಾರೆ. ಬಾಯಲ್ಲಿ ಸ್ಕ್ರೂ ಬಿಗಿಯುವುದಷ್ಟೇ. ಒಸಡಿನೊಳಗೆ ಸಿಮೆಂಟ್ ಇಳಿಯುವ ಪ್ರಶ್ನೆಯೇ ಇಲ್ಲ. ಹಿಡಿಯೂ ಅಲಗೂ ತಮ್ಮತಮ್ಮ ಜಾಗದಲ್ಲಿ ಎನ್ನುವುದಕ್ಕೆ ಹೊಂದುವ ಏರ್ಪಾಡು ಇದು.

ಕೆಡುವುದೂ ಇದೆ. ಹೆಚ್ಚಾಗಿ ಕೆಡುವುದು ಅಂಟು. ತಳದ ಚಿಮಣಿ (ಜಿರ್ಕೋನಿಯಾದೊಳಗೆ ಅಂಟುವ ಕೊಳವೆ) 3.5 ಮಿ.ಮೀ. ಇದ್ದು ಮೇಲಿನ ಕ್ಯಾಪ್ 10 ಮಿ.ಮೀ. ಎತ್ತರದ್ದಾದರೆ ಅಗಿತದ ಎಳೆದಾಟಕ್ಕೆ ಅಂಟು ಬಿಡುತ್ತದೆ. ಜಾಗ ಇದ್ದಲ್ಲಿ 5 ಮಿ.ಮೀ.ಗಿಂತ ಎತ್ತರದ ಚಿಮಣಿ ಕೇಳಿ. ಅಂಟಿಸುವ ಕ್ರಮದಲ್ಲಿ ಯಾವುದನ್ನೂ ಬಿಡುವಂತಿಲ್ಲ: ತಳದ ಜೋಡಣೆ ಕೆಡದಂತೆ ಅದನ್ನು ಅನಲಾಗಿಗೆ ಬಿಗಿದು ಮುಚ್ಚುವುದು, ಅಂಟುವ ಮುಖಗಳಿಗೆ 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು 1ರಿಂದ 2 ಬಾರ್ ಒತ್ತಡದಲ್ಲಿ ಹೊಡೆಯುವುದು, ತೊಳೆದು ಒಣಗಿಸಿ, ಎಂಡಿಪಿ ಎಂಬ ಅಂಟು ಹಿಡಿಸುವ ರಾಸಾಯನಿಕ ಇರುವ ಪ್ರೈಮರ್ ಸವರುವುದು, ಸ್ಕ್ರೂ ತೂತಿಗೆ ಟೆಫ್ಲಾನ್ ತುರುಕಿ ರೆಸಿನ್ ಸಿಮೆಂಟಿನಲ್ಲಿ ಅಂಟಿಸುವುದು. ಪ್ರೈಮರ್ ಹಚ್ಚಿದ ಮೇಲೆ ಬಾಯಲ್ಲಿಟ್ಟು ನೋಡಿ ಉಗುಳು ತಾಗಿಸಿದರೆ ಮೊದಲಿನಿಂದ ಮಾಡಬೇಕು. ಕ್ಯಾಪ್ ಬಂದ ದಿನ ಅದನ್ನು ಕೈಯಲ್ಲಿ ಹಿಡಿದು ಟೈಟಾನಿಯಂ–ಜಿರ್ಕೋನಿಯಾ ಸಂದಿಯ ಮೇಲೆ ಉಗುರಾಡಿಸಿ. ತಡೆದರೆ ಪಾಲಿಶ್ ಆಗಿಲ್ಲ, ಹಿಂದೆ ಕಳಿಸಬೇಕು.

ಟೈಟಾನಿಯಂ ತಳವೇ ಇಲ್ಲದ, ಪೂರ್ತಿ ಜಿರ್ಕೋನಿಯಾದ ಅಬಟ್‌ಮೆಂಟ್ ಕೂಡ ಸಿಗುತ್ತದೆ. ಜಿರ್ಕೋನಿಯಾ ಟೈಟಾನಿಯಂಗಿಂತ ಗಡುಸು. ನೇರ ತಾಗಿದರೆ ಇಂಪ್ಲಾಂಟಿನ ಬಾಯನ್ನೇ ಸವೆಸುತ್ತದೆ. ತೆಳುವಾದ ಒಳಜೋಡಣೆಯಲ್ಲಿ ತಾನೂ ಮುರಿಯುತ್ತದೆ, ಮುರಿದ ಚೂರನ್ನು ಇಂಪ್ಲಾಂಟಿನೊಳಗಿಂದ ತೆಗೆಯುವುದು ಯಾರಿಗೂ ಬೇಡದ ಕೆಲಸ. ಬೇಡ ಅನ್ನಿ.

ಆಕಾರದ ಬಗ್ಗೆ ಒಂದು ಎಚ್ಚರ. 4 ಮಿ.ಮೀ. ದುಂಡಿನಿಂದ 9 ಮಿ.ಮೀ. ಚೌಕಕ್ಕೆ ಅಗಲವಾಗುವಾಗ, ಇಂಪ್ಲಾಂಟಿನ ಬಾಯಲ್ಲೇ ಥಟ್ಟನೆ ಹರಡಿಕೊಂಡರೆ ಒಸಡು ಒತ್ತಿಹೋಗುತ್ತದೆ, ಬುಡದಲ್ಲಿ ಬ್ರಶ್ ತಲುಪದ ಸೂರು ಬೀಳುತ್ತದೆ. ಹೊರಗೆ ಚಾಚುವ ಕೋನ 30 ಡಿಗ್ರಿ ದಾಟಿದ ಕಡೆ ಒಸಡು, ಎಲುಬಿನ ಕಾಯಿಲೆ ಹೆಚ್ಚು ಕಂಡಿದೆ. ಕಸ್ಟಮ್ ಎಂಬ ಸ್ವಾತಂತ್ರ್ಯವನ್ನು ಲ್ಯಾಬಿನವರು ಹೊಟ್ಟೆ ಉಬ್ಬಿಸಲು ಬಳಸುವುದೂ ಉಂಟು. ಇಂಪ್ಲಾಂಟ್ ಒಸಡಿನ ಕೆಳಗೆ ಸಾಕಷ್ಟು ಆಳ ಇಲ್ಲದಿದ್ದರೆ ಕೋನ ತಗ್ಗಿಸಲು ಜಾಗವೇ ಸಿಗದು. ಆ ತಪ್ಪು ಅಬಟ್‌ಮೆಂಟಿನದಲ್ಲ, ಇಂಪ್ಲಾಂಟ್ ಇಟ್ಟ ಮಟ್ಟದ್ದು.

ಜೋಡಣೆಯ ಬಾಯಿ

ಇಂಪ್ಲಾಂಟಿನ ವ್ಯಾಸವೇ ಬೇರೆ, ಜೋಡಣೆಯ ಅಳತೆಯೇ ಬೇರೆ ಎಂಬುದು ಹಲವರಿಗೆ ಗೊತ್ತಿಲ್ಲ. ಸ್ಟ್ರೌಮನ್ ಕಂಪನಿಯ ಬೋನ್ ಲೆವೆಲ್ ಸರಣಿಯಲ್ಲಿ 4.1 ಮತ್ತು 4.8 ಮಿ.ಮೀ. ಎರಡಕ್ಕೂ ಒಂದೇ ‘ಆರ್‌ಸಿ’ ಜೋಡಣೆ, 3.3ಕ್ಕೆ ಬೇರೆ ‘ಎನ್‌ಸಿ’. ಓಸ್ಟೆಮ್ ಕಂಪನಿಯ ಟಿಎಸ್ ಸರಣಿಯಲ್ಲಿ 3.5ಕ್ಕೆ ‘ಮಿನಿ’, 4.0ರಿಂದ ಮೇಲಕ್ಕೆ ‘ರೆಗ್ಯುಲರ್’. ಹಾಗಾಗಿ ‘ನಾಲ್ಕು ಮಿ.ಮೀ. ಇಂಪ್ಲಾಂಟ್’ ಎಂದರೆ ಲ್ಯಾಬಿಗೆ ಏನೂ ಹೇಳಿದಂತಾಗಲಿಲ್ಲ. ಕಂಪನಿ, ಸರಣಿ, ವ್ಯಾಸ, ಜೋಡಣೆ: ನಾಲ್ಕೂ ಬೇಕು.

ಮಾರುಕಟ್ಟೆಯಲ್ಲಿ ‘ಕಂಪ್ಯಾಟಿಬಲ್’ ಎಂದು ಬೇರೆ ಕಂಪನಿಯ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ಕೈಯಲ್ಲಿ ಹಾಕಿ ನೋಡಿದರೆ ಕೂತಂತೆಯೇ ಕಾಣುತ್ತವೆ. ಕೋನ್ ಆಕಾರದ ಜೋಡಣೆಯಲ್ಲಿ ಗೋಡೆಗೆ ಗೋಡೆ ಪೂರ್ತಿ ಒತ್ತಿ ಕೂರಬೇಕು. ಕೋನದಲ್ಲಿ ಒಂಚೂರು ವ್ಯತ್ಯಾಸ ಇದ್ದರೂ ಒಂದೇ ಗೆರೆಯಲ್ಲಿ ತಾಗಿ ಉಳಿದೆಡೆ ಸಂದಿ ಉಳಿಯುತ್ತದೆ. ಅಗಿಯುವಾಗ ಆ ಸಂದಿ ತೆರೆದು ಮುಚ್ಚಿ, ಭಾರವೆಲ್ಲ ಸಣ್ಣ ಸ್ಕ್ರೂ ಮೇಲೆ. ಮೊದಲು ಸ್ಕ್ರೂ ಸಡಿಲ, ಕೆಲವೊಮ್ಮೆ ತುಂಡು, ಎಲ್ಲಕ್ಕಿಂತ ಕೆಟ್ಟದ್ದು ಇಂಪ್ಲಾಂಟಿನ ಬಾಯೇ ಸೀಳುವುದು. ಅಬಟ್‌ಮೆಂಟ್ ಬದಲಿಸಬಹುದು, ಸ್ಕ್ರೂ ಬದಲಿಸಬಹುದು. ಇಂಪ್ಲಾಂಟ್ ಸೀಳಿದರೆ ಎಲುಬು ಕೊರೆದು ತೆಗೆಯಬೇಕು. ಜತೆಗೆ, ಬೇರೆಯವರ ತುಂಡು ಹಾಕಿದರೆ ಕಂಪನಿಯ ವಾರಂಟಿಯೂ ಸಾಮಾನ್ಯವಾಗಿ ಹೋಗುತ್ತದೆ. ಹಣ ಉಳಿಸಲೇಬೇಕು ಎಂದಾದರೆ ಮಾಡಿಸಿದ ಆಕಾರವನ್ನು ಬಿಟ್ಟು ಅಸಲಿ ಕಂಪನಿಯ ಸ್ಟಾಕ್ ತುಂಡಿಗೆ ಇಳಿಯಿರಿ. ಅಗ್ಗದ ತಳದ ಮೇಲೆ ದುಬಾರಿ ಜಿರ್ಕೋನಿಯಾ ಕೂರಿಸುವುದು ತಲೆಕೆಳಗಿನ ಲೆಕ್ಕ.

ಯಾವ ಹಲ್ಲಿಗೆ ಯಾವುದು

ಮೇಲಿನ ಮುಂದಿನ ಆರು ಹಲ್ಲಿಗೆ ಕಸ್ಟಮ್. ಇಲ್ಲಿ ಚರ್ಚೆ ಬೇಡ. ಒಸಡು ತೆಳ್ಳಗಿದ್ದರೆ ಟೈಟಾನಿಯಂ ಬೂದು ಛಾಯೆಯಾಗಿ ಹೊರಗೆ ಹಣಕುತ್ತದೆ. 2 ಮಿ.ಮೀ. ದಪ್ಪವಿದ್ದರೆ ಜಿರ್ಕೋನಿಯಾ ಕಣ್ಣಿಗೆ ಕಾಣುವಂಥ ಬಣ್ಣ ಬದಲಾವಣೆ ಮಾಡದು, 3 ಮಿ.ಮೀ. ಇದ್ದರೆ ಯಾವುದಿದ್ದರೂ ತಿಳಿಯದು. ಆದರೆ ಆಕಾರ ಮೊದಲು ಬರಬೇಕಾದದ್ದು ತಾತ್ಕಾಲಿಕ ಕ್ಯಾಪಿನಿಂದ. ಸ್ಕ್ರೂ ಹಿಡಿದ ತಾತ್ಕಾಲಿಕ ಕ್ಯಾಪಿನ ಬುಡಕ್ಕೆ ಕಾಂಪೊಸಿಟ್ (ಹಲ್ಲಿನ ತೂತು ತುಂಬುವ ರೆಸಿನ್) ಸೇರಿಸುತ್ತ, ತೆಗೆಯುತ್ತ ಒಸಡನ್ನು ಕೆಲ ವಾರ ತಿದ್ದಬೇಕು. ತಿದ್ದಿದ ಆ ಆಕಾರವನ್ನೇ ಲ್ಯಾಬಿಗೆ ಕಳಿಸಬೇಕು. ಇದನ್ನು ಬಿಟ್ಟು, ದುಂಡು ಹೀಲಿಂಗ್ ಕ್ಯಾಪ್ ತೆಗೆದ ತೂತಿನ ಅಳತೆ ಕಳಿಸಿ ‘ಕಸ್ಟಮ್ ಮಾಡಿ’ ಎಂದರೆ ಲ್ಯಾಬಿನವರು ಒಸಡನ್ನು ಊಹಿಸಿಕೊಂಡು ಕಡೆಯುತ್ತಾರೆ.

ಹಿಂದಿನ ಒಂಟಿ ದವಡೆ ಹಲ್ಲಿಗೆ ಟೈ-ಬೇಸ್ ಮೇಲೆ ಸ್ಕ್ರೂ ಹಿಡಿದ ಕ್ಯಾಪ್ ಮೊದಲ ಆಯ್ಕೆ. ಸ್ಕ್ರೂ ತೂತು ಹಲ್ಲಿನ ಮಧ್ಯಕ್ಕೆ ಬರುವಂತೆ ಇಂಪ್ಲಾಂಟ್ ಕೂತಿರಬೇಕು, ಅಷ್ಟೇ. ಇಂಪ್ಲಾಂಟಿನ ಬಾಯಿಂದ ಎದುರು ಹಲ್ಲಿನವರೆಗೆ 5 ಮಿ.ಮೀ. ಇದ್ದರೂ ಇದು ಹೇಗೋ ಆಗುತ್ತದೆ. ಸಿಮೆಂಟಿನದಕ್ಕೆ 7–8 ಬೇಕು. ತೂತು ಕೆನ್ನೆಯ ಕಡೆಗೆ ಅಥವಾ ಹಲ್ಲಿನ ತುದಿಗೆ ಬೀಳುವಂತಿದ್ದರೆ, ತೂತನ್ನು 25 ಡಿಗ್ರಿವರೆಗೆ ತಿರುಗಿಸುವ ಜೋಡಣೆಗಳಿವೆ. ಅದಕ್ಕೆ ಬೇರೆಯೇ ಸ್ಕ್ರೂ, ಬೇರೆಯೇ ಡ್ರೈವರ್ ಬೇಕು ಎಂಬುದನ್ನು ನೆನಪಿಡಿ.

ಪೂರ್ತಿ ದವಡೆಗೆ ನಾಲ್ಕು ಅಥವಾ ಆರು ಇಂಪ್ಲಾಂಟ್ ಹಾಕಿದಲ್ಲಿ ತೂಕ ತಿರುಗಿ ಸಿದ್ಧ ತುಂಡಿನ ಕಡೆಗೆ ವಾಲುತ್ತದೆ. ನೆಟ್ಟಗಿನ, 17 ಮತ್ತು 30 ಡಿಗ್ರಿಯ ‘ಮಲ್ಟಿಯುನಿಟ್’ ಅಬಟ್‌ಮೆಂಟುಗಳು ಓರೆ ಇಂಪ್ಲಾಂಟುಗಳನ್ನೆಲ್ಲ ಒಂದೇ ದಿಕ್ಕಿಗೆ ತರುತ್ತವೆ. ಒಮ್ಮೆ ಬಿಗಿದರೆ ಆಮೇಲೆ ಇಂಪ್ಲಾಂಟಿನ ಬಾಯನ್ನು ಮುಟ್ಟುವ ಅಗತ್ಯವಿಲ್ಲ. ಅವುಗಳ ಮೇಲಿನ ಬ್ರಿಡ್ಜನ್ನು ಮಾತ್ರ ಬಾಯಿಗೆ ತಕ್ಕಂತೆ ಮಾಡಿಸಬೇಕು.

ಘಟ್ಟ, ಮಳೆ, ಕವಳ

ನಮ್ಮ ಜಿಲ್ಲೆಯವರ ಇಂಪ್ಲಾಂಟ್ ಊರೂರು ಸುತ್ತಿ ಬಂದಿರುತ್ತದೆ. ಕಾರವಾರದವರು ಗೋವಾದಲ್ಲಿ, ಶಿರಸಿಯವರು ಹುಬ್ಬಳ್ಳಿ–ಧಾರವಾಡದಲ್ಲಿ, ಹೊನ್ನಾವರ–ಭಟ್ಕಳದವರು ಮಣಿಪಾಲ, ಮಂಗಳೂರಿನಲ್ಲಿ, ಇನ್ನು ಕೆಲವರು ಮುಂಬೈ ಅಥವಾ ದುಬೈಯಲ್ಲಿ ಹಾಕಿಸಿಕೊಂಡಿರುತ್ತಾರೆ. ಸ್ಕ್ರೂ ಸಡಿಲವಾಗುವುದು ಮಾತ್ರ ಮನೆಯಲ್ಲಿ, ಅದೂ ಮದುವೆ ಊಟದ ಹಿಂದಿನ ದಿನ. ಆಗ ಊರಿನ ಡಾಕ್ಟರ ಬಳಿ ಆ ಕಂಪನಿಯ ಡ್ರೈವರ್ ಇದ್ದರೆ ಹತ್ತು ನಿಮಿಷದ ಕೆಲಸ. 1.25 ಮಿ.ಮೀ. ಹೆಕ್ಸ್ (ಆರು ಮೂಲೆಯ) ಡ್ರೈವರ್ ಅನೇಕ ಕಂಪನಿಗಳಿಗೆ ಹೊಂದುತ್ತದೆ, ಎಲ್ಲದಕ್ಕೂ ಅಲ್ಲ. ನಕ್ಷತ್ರದಾಕಾರದ ತಲೆಯವೂ ಇವೆ. ಹೊಂದದ ಡ್ರೈವರಿನಿಂದ ತಿರುಗಿಸಿದರೆ ಸ್ಕ್ರೂ ತಲೆ ಸವೆದು, ಸಣ್ಣ ತೊಂದರೆ ದೊಡ್ಡದಾಗುತ್ತದೆ.

ಆದ್ದರಿಂದ ಇಲ್ಲಿಯವರಿಗೆ ನಮ್ಮ ತೂಕದ ತಕ್ಕಡಿ ಸ್ವಲ್ಪ ಬೇರೆ. ಬೆಂಗಳೂರಿನವರಿಗೆ ಸಿಮೆಂಟ್ ಅಥವಾ ಸ್ಕ್ರೂ ಎಂಬುದು ಡಾಕ್ಟರ ಒಲವಿನ ಮಾತಾಗಿರಬಹುದು. ಹಾಕಿದವರು 100 ಕಿ.ಮೀ. ಆಚೆ ಇರುವವರಿಗೆ ಬಿಚ್ಚಲು ಬರುವ ಸ್ಕ್ರೂ ಜೋಡಣೆ ಬಹುಮಟ್ಟಿಗೆ ಕಡ್ಡಾಯ. ಆಮೇಲೆ ಇಂಪ್ಲಾಂಟ್ ಕಾರ್ಡು: ಕಂಪನಿ, ಸರಣಿ, ಅಳತೆ, ಲಾಟ್ ನಂಬರಿನ ಸ್ಟಿಕ್ಕರ್, ಅಬಟ್‌ಮೆಂಟಿನ ಹೆಸರು ಮತ್ತು ಕೋಡ್, ಎಷ್ಟು ಟಾರ್ಕಿಗೆ (ತಿರುಚುವ ಬಲಕ್ಕೆ) ಬಿಗಿದದ್ದು. ಇಂಪ್ಲಾಂಟಿನ ಸ್ಟಿಕ್ಕರ್ ಹೆಚ್ಚಿನವರು ಕೊಡುತ್ತಾರೆ, ಅಬಟ್‌ಮೆಂಟಿನದು ಕೇಳಿದರಷ್ಟೇ ಸಿಗುತ್ತದೆ. ಕಾರ್ಡಿನ ಫೋಟೊ ಮಕ್ಕಳ ಫೋನಿನಲ್ಲೂ ಇರಲಿ.

ಕಸ್ಟಮ್ ತುಂಡಿಗೆ ಸಾಮಾನ್ಯವಾಗಿ ವಾರದಿಂದ ಹತ್ತು ದಿನ ಹಿಡಿಯುತ್ತದೆ. ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳಿ. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಮಣ್ಣು ಜಾರುವುದು ಹೊಸತಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ಬಾಯೊಳಗಿನ ಸ್ಕ್ಯಾನರ್ ಇರುವ ಕ್ಲಿನಿಕ್ಕಾದರೆ ಅಳತೆ ಫೈಲಾಗಿ ಹೋಗುತ್ತದೆ, ಕೊರಿಯರ್ ಒಂದೇ ಕಡೆಗೆ. ಸ್ಕ್ಯಾನಿಗೆ ಇಂಪ್ಲಾಂಟಿನ ಮೇಲೆ ಇಡುವ ‘ಸ್ಕ್ಯಾನ್ ಬಾಡಿ’ ಪೂರ್ತಿ ಕೂತಿದೆಯೇ ಎಂದು ಎಕ್ಸ್‌ರೇಯಲ್ಲಿ ನೋಡದೆ ಫೈಲ್ ಕಳಿಸಿದರೆ, ಒಸಡಿನ ಚೂರೊಂದು ನಡುವೆ ಸಿಕ್ಕಿಕೊಂಡು ಕ್ಯಾಪ್ ಪೂರ್ತಿ ಎತ್ತರವಾಗಿ ಬರುತ್ತದೆ. ಅದನ್ನು ಕಡಿದು ಸರಿಮಾಡುತ್ತ ಕೂರುವುದಕ್ಕಿಂತ ಮತ್ತೆ ಸ್ಕ್ಯಾನ್ ಮಾಡುವುದು ಲೇಸು. ಈ ನಡುವೆ ಹೀಲಿಂಗ್ ಕ್ಯಾಪ್ ಬಿದ್ದುಹೋದರೆ ಸುಮ್ಮನೆ ಬಿಡಬೇಡಿ. ಒಸಡು ಬಹಳ ಬೇಗ ಮುಚ್ಚುತ್ತದೆ, ಮತ್ತೆ ಕುಯ್ಯಬೇಕಾಗುತ್ತದೆ.

ಕವಳ (ಎಲೆಯಡಿಕೆ) ಹಾಕುವವರು ಅದನ್ನು ಮೊದಲೇ ಹೇಳಿಬಿಡಬೇಕು. ಗಟ್ಟಿ ಅಡಿಕೆಯನ್ನು ದಿನಕ್ಕೆ ಹತ್ತಾರು ಸಲ ಒಂದೇ ಪಕ್ಕದಲ್ಲಿ ಅಗಿದರೆ ಭಾರ ಓರೆಯಾಗಿ ಬೀಳುತ್ತದೆ, ಓರೆ ಭಾರವೇ ಸ್ಕ್ರೂವನ್ನು ಸಡಿಲ ಮಾಡುವುದು. ಇವರಿಗೆ ಗಿಡ್ಡ ಚಿಮಣಿಯ ಟೈ-ಬೇಸ್ ಬೇಡ. ಪಿಂಗಾಣಿ ಪದರವಿಲ್ಲದ ಒಂದೇ ಗಟ್ಟಿಯ ಜಿರ್ಕೋನಿಯಾ, ಚೂಪು ತಗ್ಗಿಸಿದ ಮೇಲ್ಮೈ, ಎದುರು ಹಲ್ಲಿಗೆ ಹಗುರಾಗಿ ತಾಗುವಂತೆ ತಿದ್ದಿದ ಕಚ್ಚು. ಸ್ಕ್ರೂ ತೂತು ಮುಚ್ಚಿದ ಕಾಂಪೊಸಿಟ್ ಬೇಗ ಕೆಂಪಾಗಿ ಸವೆಯುತ್ತದೆ, ಆಗಾಗ ಬದಲಿಸಬೇಕು. ಕವಳದಲ್ಲಿ ತಂಬಾಕೂ ಇದ್ದರೆ ಅಬಟ್‌ಮೆಂಟ್ ಯಾವುದೇ ಇರಲಿ, ಒಸಡು ಮತ್ತು ಎಲುಬಿನ ಅಪಾಯ ಹೆಚ್ಚುವುದೇ ಸೈ.

ಬಿಗಿಯುವ ದಿನ

ಲ್ಯಾಬಿನಲ್ಲಿ ಹತ್ತು ಸಲ ಹಾಕಿ ತೆಗೆದ ಸ್ಕ್ರೂ ಬಾಯಿಗೆ ಬರಬಾರದು. ಬಾಯಿಗೆ ಹೊಸ ಸ್ಕ್ರೂ. ಅಬಟ್‌ಮೆಂಟನ್ನು ತೊಳೆದು ಶುದ್ಧಮಾಡಿ, ಕೈಯಲ್ಲಿ ಹಗುರಾಗಿ ಬಿಗಿದು ಎಕ್ಸ್‌ರೇ ತೆಗೆಯಬೇಕು. ಕಿರಣ ಜೋಡಣೆಗೆ ನೇರ ಅಡ್ಡವಾಗಿ ಬೀಳಬೇಕು. ಓರೆಯಾದರೆ ಇರುವ ಸಂದಿಯೂ ಮುಚ್ಚಿದಂತೆ ಕಾಣುತ್ತದೆ, ಇಂಪ್ಲಾಂಟಿನ ತಿರುಪಿನ ಎಳೆಗಳು ಚಿತ್ರದಲ್ಲಿ ಚೂಪಾಗಿ ಬಂದಿದ್ದರೆ ಕೋನ ಸರಿ. ಸುತ್ತಲಿನ ಒಸಡು ಬೆಳ್ಳಗಾಗುವುದು ಸಹಜ, ಹತ್ತು ಹದಿನೈದು ನಿಮಿಷದಲ್ಲಿ ಬಣ್ಣ ಮರಳಬೇಕು. ಮರಳದಿದ್ದರೆ ಬಿಚ್ಚಿ ಬುಡವನ್ನು ತೆಳು ಮಾಡಿ ಪಾಲಿಶ್ ಮಾಡಬೇಕು.

ಬಿಗಿತ ಕಂಪನಿ ಹೇಳಿದಷ್ಟೇ: ಹೆಚ್ಚಿನ ಒಂಟಿ ಅಬಟ್‌ಮೆಂಟುಗಳಿಗೆ 25ರಿಂದ 35 ನ್ಯೂಟನ್ ಸೆಂಟಿಮೀಟರ್, ಮಲ್ಟಿಯುನಿಟ್ ಮೇಲಿನ ಸಣ್ಣ ಸ್ಕ್ರೂಗಳಿಗೆ 15. ಕೈ ಅಂದಾಜಿನಲ್ಲಿ ಇದು ಸಿಗುವುದಿಲ್ಲ, ಟಾರ್ಕ್ ವ್ರೆಂಚೇ ಬೇಕು. ಬಿಗಿದಾಗ ಸ್ಕ್ರೂ ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗಿ ಎರಡು ತುಂಡನ್ನು ಒತ್ತಿ ಹಿಡಿಯುತ್ತದೆ. ಲೋಹದ ಮೇಲಿನ ಸಣ್ಣ ಉಬ್ಬುಗಳು ಒತ್ತಿ ಚಪ್ಪಟೆಯಾಗುತ್ತಲೇ ಆ ಹಿಡಿತ ಸ್ವಲ್ಪ ಇಳಿಯುತ್ತದೆ. ಅದಕ್ಕೇ ಹತ್ತು ನಿಮಿಷ ಬಿಟ್ಟು ಅದೇ ಟಾರ್ಕಿಗೆ ಇನ್ನೊಮ್ಮೆ ಬಿಗಿಯಬೇಕು. ರೋಗಿ ‘ಆಯ್ತಲ್ಲ, ಬಸ್ಸಿಗೆ ಹೊತ್ತಾಯ್ತು’ ಎಂದು ಏಳುವುದು ಈ ಹತ್ತು ನಿಮಿಷದಲ್ಲೇ. ಆಮೇಲೆ ಸ್ಕ್ರೂ ತಲೆಯ ಮೇಲೆ ಟೆಫ್ಲಾನ್ ಟೇಪು, ಅದರ ಮೇಲೆ ಕಾಂಪೊಸಿಟ್. ಹತ್ತಿ ಬೇಡ, ನಾರುತ್ತದೆ.

ಮುಂದೊಂದು ದಿನ ಕ್ಯಾಪ್ ಅಲುಗಿದರೆ ಇಂಪ್ಲಾಂಟೇ ಹೋಯಿತೆಂದು ಗಾಬರಿ ಬೇಡ. ಬಹಳ ಸಲ ಸ್ಕ್ರೂ ಮಾತ್ರ ಸಡಿಲವಾಗಿರುತ್ತದೆ. ಆ ಪಕ್ಕದಲ್ಲಿ ಅಗಿಯುವುದನ್ನು ನಿಲ್ಲಿಸಿ, ಕೈಯಾಡಿಸದೆ, ಒಂದೆರಡು ದಿನದೊಳಗೆ ಕಾರ್ಡು ಹಿಡಿದು ಹೋಗಿ. ಸಡಿಲ ಸ್ಕ್ರೂ ಮೇಲೆ ವಾರಗಟ್ಟಲೆ ಅಗಿದರೆ ಅದು ಒಳಗೇ ತುಂಡಾಗುತ್ತದೆ. ಸ್ಕ್ರೂ ಹಿಡಿದ ಕ್ಯಾಪಾದರೆ ಕಾಂಪೊಸಿಟ್ ತೆಗೆದು, ಹೊಸ ಸ್ಕ್ರೂ ಹಾಕಿ ಬಿಗಿದರೆ ಮುಗಿಯಿತು. ಎರಡು ಮೂರು ಸಲ ಸಡಿಲವಾದರೆ ಮತ್ತೆ ಬಿಗಿದು ಕಳಿಸುವುದು ಸರಿಯಲ್ಲ. ತಳ ಅಸಲಿಯೇ, ಕಚ್ಚು ಎತ್ತರವೇ ಎಂದು ನೋಡಬೇಕು. ಸಿಮೆಂಟಿನ ಕ್ಯಾಪಾದರೆ ಒಳಗಿನ ಸ್ಕ್ರೂ ಎಲ್ಲಿದೆ ಎಂದು ಹುಡುಕಿ ಕ್ಯಾಪಿಗೆ ತೂತು ಕೊರೆಯಬೇಕು. ಅದಕ್ಕೇ ಸಿಮೆಂಟ್ ಹಾಕುವ ಮುಂಚೆ, ಅಬಟ್‌ಮೆಂಟ್ ಬಾಯಲ್ಲಿ ಕೂತಿರುವಾಗ ಸ್ಕ್ರೂ ತೂತು ಕಾಣುವಂತೆ ಮೇಲಿನಿಂದ ಒಂದು ಫೋಟೊ ತೆಗೆಸಿ ಕಾರ್ಡಿನ ಜತೆ ಇಟ್ಟುಕೊಳ್ಳಿ.